ಗಣಕಯಂತ್ರವೂ ಕಲ್ಲಿದ್ದಲ ಹೊಗೆಯೂ

2020ನೆಯ ಇಸವಿಯ ಏಪ್ರಿಲ್ 5, ಭಾನುವಾರ. ಕೊರೋನಾ ಜಾಡ್ಯದ ಭಯದಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ದಿನಗಳವು. ಅಂದು ರಾತ್ರಿ 9 ಗಂಟೆಗೆ ಎಲ್ಲರೂ ತಮ್ಮ ಮನೆಯ ವಿದ್ಯುದ್ದೀಪಗಳನ್ನು 9 ನಿಮಿಷಗಳ ಕಾಲ ಆರಿಸಿ ಹಣತೆಯನ್ನೋ ಮೇಣದ ಬತ್ತಿಯನ್ನೋ ಹಚ್ಚಬೇಕೆಂದು ಪ್ರಧಾನಮಂತ್ರಿಗಳು ಕರೆಕೊಟ್ಟಿದ್ದರು. ಜನರು ಉತ್ಸಾಹದಿಂದ ಬಾಲ್ಕನಿಗಳಿಗೆ ಬಂದು ನಿಂತರು. ಆದರೆ ಅದೇ ಹೊತ್ತಿನಲ್ಲಿ ರಾಷ್ಟ್ರೀಯ ವಿದ್ಯುತ್ ಭಾರ ನಿಯಂತ್ರಣ ಕೇಂದ್ರದ ಎಂಜಿನಿಯರುಗಳು ಉಸಿರು ಬಿಗಿಹಿಡಿದು ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತಿದ್ದರು. ವಿದ್ಯುತ್ತಿನ ಬೇಡಿಕೆಯು 12,000ದಿಂದ 14,000 ಮೆಗಾವಾಟಿನಷ್ಟು ಕುಸಿಯಬಹುದೆಂದು ಅವರು ಲೆಕ್ಕ ಹಾಕಿದ್ದರು. ನಡೆದುದೇ ಬೇರೆ. ಕೆಲವೇ ನಿಮಿಷಗಳಲ್ಲಿ ಬೇಡಿಕೆಯು ಸುಮಾರು 31,000 ಮೆಗಾವಾಟಿನಷ್ಟು ಇಳಿದುಹೋಯಿತು. ದೀಪಗಳು ಮತ್ತೆ ಹತ್ತಿದೊಡನೆ ಅಷ್ಟೇ ವೇಗದಲ್ಲಿ ಏರಿತು. ಹೀಗಿದ್ದೂ ದೇಶದ ಒಂದು ಊರೂ ಕತ್ತಲಲ್ಲಿ ಮುಳುಗಲಿಲ್ಲ.

ಈ ಘಟನೆಯು ಅಂದಿನ ಮಟ್ಟಿಗೆ ಒಂದು ವಿಚಿತ್ರ ಪ್ರಸಂಗವೆಂದು ಮರೆತುಹೋಗಿರಬಹುದು. ಆದರೆ ವಾಯುಮಂಡಲಕ್ಕೆ ಸೇರುವ ಇಂಗಾಲದ ಹೊಗೆಯನ್ನು ತಗ್ಗಿಸುವುದರಲ್ಲಿ ಗಣಕಯಂತ್ರಗಳು ಯಾವ ಬಗೆಯಲ್ಲಿ ನೆರವಾಗಬಲ್ಲವು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟವರು ಮೊದಲು ಗಮನಿಸಬೇಕಾದುದು ಇಂಥ ಪ್ರಸಂಗವನ್ನೇ. ಏಕೆಂದರೆ ಗಣಕಯಂತ್ರವು ತಾನಾಗಿ ಹೊಗೆಯನ್ನು ನುಂಗುವುದಿಲ್ಲ, ಗಾಳಿಯನ್ನು ಸೋಸುವುದಿಲ್ಲ. ಅದು ಮಾಡುವುದು ಎರಡೇ ಕೆಲಸ: ಅಳೆಯುವುದು ಮತ್ತು ಲೆಕ್ಕ ಹಾಕುವುದು. ಅಳತೆ ಸೂಕ್ಷ್ಮವಾದಷ್ಟೂ, ಲೆಕ್ಕ ಸಕಾಲದಲ್ಲಿ ಕೈಗೆ ಬಂದಷ್ಟೂ ಉರಿಸಬೇಕಾದ ಕಲ್ಲಿದ್ದಲು ಕಡಿಮೆಯಾಗುತ್ತದೆ. ಇದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ವಿದ್ಯುತ್ತನ್ನು ಅಕ್ಕಿಯಂತೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಬೃಹತ್ ಬ್ಯಾಟರಿಗಳು ಈಚೆಗೆ ಬಂದಿವೆಯಾದರೂ ದೇಶದ ಒಟ್ಟು ಬೇಡಿಕೆಯ ಮುಂದೆ ಅವುಗಳ ಪಾಲು ಇನ್ನೂ ಅತ್ಯಲ್ಪ. ಆದುದರಿಂದ ಪ್ರತಿ ಕ್ಷಣದಲ್ಲಿಯೂ ಎಷ್ಟು ಖರ್ಚಾಗುತ್ತಿದೆಯೋ ಅಷ್ಟೇ ಉತ್ಪಾದನೆಯೂ ನಡೆಯುತ್ತಿರಬೇಕು. ಹಳ್ಳಿಯ ಆಲೆಮನೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗಾಣಕ್ಕೆ ಕಬ್ಬನ್ನು ಒಮ್ಮೆಗೇ ಹೆಚ್ಚಾಗಿ ತುರುಕಿದರೆ ಎತ್ತುಗಳ ನಡಿಗೆ ಮಂದವಾಗುತ್ತದೆ. ಕಬ್ಬು ಕೊಡುವುದನ್ನು ನಿಲ್ಲಿಸಿದರೆ ಅವು ದಾಪುಗಾಲಿಡುತ್ತವೆ. ವಿದ್ಯುತ್ ಸ್ಥಾವರದ ಚಕ್ರಗಳೂ ಹಾಗೆಯೇ. ಭಾರ ಹೆಚ್ಚಿದರೆ ತಿರುಗುವ ವೇಗ ಕುಗ್ಗುತ್ತದೆ, ಭಾರ ಇಳಿದರೆ ವೇಗ ಹೆಚ್ಚುತ್ತದೆ. ಈ ವೇಗವೇ ವಿದ್ಯುತ್ತಿನ ಆವರ್ತನವಾಗಿ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಅದು ಸೆಕೆಂಡಿಗೆ 50 ಆವರ್ತಗಳಿರಬೇಕು, 49.90ಕ್ಕಿಂತ ಕೆಳಗಿಳಿಯದಂತೆ, 50.05ಕ್ಕಿಂತ ಮೇಲೇರದಂತೆ ಕಾಯುವುದು ನಿಯಮ. ಮೇಲೆ ಹೇಳಿದ ಏಪ್ರಿಲ್ 5ರ ರಾತ್ರಿ ಅದು 49.70 ಮತ್ತು 50.26ರ ನಡುವೆ ಓಲಾಡಿ, ಮತ್ತೆ ಸ್ವಸ್ಥಾನಕ್ಕೆ ಬಂದಿತು. ಅದನ್ನು ಹಿಡಿದು ನಿಲ್ಲಿಸಿದವು ಮುಖ್ಯವಾಗಿ ಜಲವಿದ್ಯುತ್ ಸ್ಥಾವರಗಳು. ನೀರಿನ ಬಾಗಿಲನ್ನು ಮುಚ್ಚಿದೊಡನೆ ಅವುಗಳ ಉತ್ಪಾದನೆ ನಿಲ್ಲುತ್ತದೆ. ತೆರೆದೊಡನೆ ಕೆಲವೇ ನಿಮಿಷಗಳಲ್ಲಿ ಪೂರ್ಣ ಬಲಕ್ಕೆ ಬರುತ್ತದೆ. ಆ ರಾತ್ರಿ ಜಲವಿದ್ಯುತ್ತೊಂದನ್ನೇ ಸುಮಾರು 17,500 ಮೆಗಾವಾಟಿನಷ್ಟು ಇಳಿಸಿ ಮತ್ತೆ ಏರಿಸಲಾಯಿತು.

ಸಮತೋಲ ತಪ್ಪಿದರೆ ಏನಾಗುತ್ತದೆಂಬುದನ್ನು ದೆಹಲಿಯ ಕನ್ನಡಿಗರಿಗೆ ಹೇಳಬೇಕಾದುದಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರದ ವಿದ್ಯುಜ್ಜಾಲ ಕುಸಿದುಬಿದ್ದಾಗ, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಜಾಲಗಳೂ ಅದರೊಡನೆ ಬಿದ್ದು 60 ಕೋಟಿಗೂ ಮಿಕ್ಕ ಜನ ತೊಂದರೆಗೀಡಾದರು. ಮುಂಬಯಿಗೆ ಅದರ ಬಿಸಿ ತಟ್ಟಲಿಲ್ಲ. ದಕ್ಷಿಣದ ಜಾಲವಂತೂ ಆಗ ಉಳಿದ ದೇಶದೊಡನೆ ಒಂದೇ ತಾಳಕ್ಕೆ ಕೂಡಿಕೊಂಡೇ ಇರಲಿಲ್ಲ. ಆ ಕೂಡುವಿಕೆ ನಡೆದುದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿಗೂ ಮಹಾರಾಷ್ಟ್ರದ ಸೋಲಾಪುರಕ್ಕೂ ನಡುವೆ ಎಳೆದ 765 ಕಿಲೋವೋಲ್ಟಿನ ತಂತಿಯ ಮೂಲಕ. ಬೆಂಗಳೂರಿನ ಪಂಖಾ, ಪುಣೆಯ ಗಿರಣಿ, ದೆಹಲಿಯ ದೀಪ ಇವೆಲ್ಲ ಅಂದಿನಿಂದ ಒಂದೇ ಗಾಣಕ್ಕೆ ಕಟ್ಟಿದಂತಾಗಿವೆ. ಕನ್ನಡಿಗರು ತಲೆಮಾರುಗಳಿಂದ ಓಡಾಡಿದ ಹಾದಿಯಲ್ಲೇ ವಿದ್ಯುತ್ತೂ ಓಡಾಡತೊಡಗಿತೆಂದು ಯಾರಾದರೂ ತಮಾಷೆ ಮಾಡಿದರೆ ಅದರಲ್ಲಿ ಸುಳ್ಳೇನೂ ಇಲ್ಲ.

ಇಷ್ಟನ್ನು ತಿಳಿದ ಮೇಲೆ ಇಂಗಾಲದ ವಿಷಯಕ್ಕೆ ಬರಬಹುದು. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಹತ್ತು ಪಾಲಿನಲ್ಲಿ ಏಳಕ್ಕೂ ಮಿಕ್ಕಿದುದು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಜಲ, ಅಣು, ಸೂರ್ಯ, ಗಾಳಿ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಇಂಗಾಲದ ಡೈಆಕ್ಸೈಡು ಬೀದಿಯಲ್ಲಿ ಉಸಿರಾಡುವವರ ಶ್ವಾಸಕೋಶವನ್ನು ನೇರವಾಗಿ ಕೆಡಿಸುವ ವಿಷವಲ್ಲ. ಅದು ಭೂಮಿಯ ಶಾಖವನ್ನು ಹೊರಹೋಗಗೊಡದೆ ಹೊದಿಕೆಯಂತೆ ತಡೆಹಿಡಿಯುವುದರಿಂದ ಅಪಾಯಕಾರಿ. ಶ್ವಾಸಕೋಶಕ್ಕೆ ಇಳಿಯುವ ಶತ್ರುಗಳು ಅದರ ಒಡಹುಟ್ಟುಗಳು. ಕಲ್ಲಿದ್ದಲು ಉರಿದಾಗ ಏಳುವ ಗಂಧಕದ ಡೈಆಕ್ಸೈಡು, ನೈಟ್ರೋಜನ್ ಆಕ್ಸೈಡುಗಳು ಮತ್ತು 2.5 ಮೈಕ್ರಾನಿಗಿಂತಲೂ ಸಣ್ಣದಾದ ಧೂಳಿನ ಕಣಗಳು ಇವೇ ಅವು. ಈ ಕಣಗಳು ಮೂಗಿನ ರೋಮಗಳಿಗೂ ಗಂಟಲಿನ ತೇವಕ್ಕೂ ಸಿಕ್ಕದೆ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಹೊಕ್ಕು, ಅಲ್ಲಿಂದ ರಕ್ತಕ್ಕೂ ಇಳಿಯಬಲ್ಲವು. ಉಬ್ಬಸದ ರೋಗಿಗಳು ಮಾತ್ರವಲ್ಲ, ಹೃದ್ರೋಗಿಗಳೂ ಇವಕ್ಕೆ ಹೆದರಬೇಕು. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳು 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿತು. ಭಾರತದ ಮಾನದಂಡ 40. ಆ ಸಡಿಲವಾದ ಮಿತಿಯನ್ನೂ ಮೀರುವ ನಗರಗಳು ಹಲವಿವೆ. ಉಳಿದ ಒಂದೊಂದು ಹಿಡಿ ಕಲ್ಲಿದ್ದಲೂ ಹೀಗೆ ಎರಡು ಬಗೆಯ ಉಪಕಾರ ಮಾಡುತ್ತದೆ. ಒಂದರ ಫಲ ನೆರೆಯವರಿಗೆ ಇಂದೇ, ಇನ್ನೊಂದರ ಫಲ ಮೊಮ್ಮಕ್ಕಳಿಗೆ.

ಈಗ ಪಾವಗಡಕ್ಕೆ ಹೋಗೋಣ. ತುಮಕೂರು ಜಿಲ್ಲೆಯ ಈ ಬರಗಾಲದ ಸೀಮೆಯಲ್ಲಿ ಸುಮಾರು 13,000 ಎಕರೆ ನೆಲವನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು, 2,050 ಮೆಗಾವಾಟಿನ ಸೌರ ಉದ್ಯಾನವನ್ನು 2019ರ ಹೊತ್ತಿಗೆ ಪೂರ್ಣಗೊಳಿಸಲಾಯಿತು. ಮಳೆಯನ್ನು ಕಾಣದ ಆಕಾಶವೇ ಅಲ್ಲಿಯ ಬೆಳೆಯಾಯಿತೆನ್ನಬಹುದು. ಆದರೆ ಸೂರ್ಯನು ಕಾರ್ಖಾನೆಯ ನೌಕರನಲ್ಲ. ಮಧ್ಯಾಹ್ನ ಕೈತುಂಬ ಕೊಟ್ಟು, ಸಂಜೆ ಆರೂವರೆಗೆ, ಜನರು ಮನೆಗೆ ಮರಳಿ ದೀಪ, ಪಂಖಾ, ದೂರದರ್ಶನಗಳ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ, ಹೊರಟುಹೋಗುತ್ತಾನೆ. ನಡುವೆ ಒಂದು ಮೋಡ ಅಡ್ಡಬಂದರೂ ನೂರಾರು ಮೆಗಾವಾಟು ಮಾಯ. ಚಿತ್ರದುರ್ಗದ, ಗದಗಿನ ಗಾಳಿಯಂತ್ರಗಳದೂ ಇದೇ ಕಥೆ. ಆಷಾಢದಲ್ಲಿ ಅಬ್ಬರ, ಮಿಕ್ಕ ಎಷ್ಟೋ ದಿನ ಮೌನ.

ಇಂಥ ಚಂಚಲರನ್ನು ನಂಬಿಕೊಂಡು ಜಾಲವನ್ನು ನಡೆಸುವವರು ಹಿಂದೆ ಒಂದೇ ಉಪಾಯ ಬಲ್ಲವರಾಗಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಒಂದೆರಡು ಉಷ್ಣ ಸ್ಥಾವರಗಳನ್ನು ಅರ್ಧ ಬಲದಲ್ಲಿ ಉರಿಸುತ್ತಲೇ ಇಡುವುದು. ಕಲ್ಲಿದ್ದಲ ಕುಲುಮೆಯನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲಾಗದು. ತಣ್ಣಗಾದ ಸ್ಥಾವರವು ಮತ್ತೆ ಪೂರ್ಣ ಬಲಕ್ಕೆ ಬರಲು ಅನೇಕ ಗಂಟೆಗಳು ಬೇಕು. ಅದನ್ನು ಅರ್ಧ ಬಲದಲ್ಲಿ ನಡೆಸಿದರಂತೂ ಪ್ರತಿ ಯೂನಿಟ್ಟಿಗೆ ಖರ್ಚಾಗುವ ಕಲ್ಲಿದ್ದಲು ಹೆಚ್ಚುತ್ತದೆ. ಎಂದರೆ, ಅಜ್ಞಾನಕ್ಕೂ ಒಂದು ಹೊಗೆಯಿದೆ. ನಾಳೆ ಎರಡು ಗಂಟೆಗೆ ಪಾವಗಡದ ಮೇಲೆ ಮೋಡವಿರುವುದೇ ಇಲ್ಲವೇ ಎಂಬುದು ತಿಳಿಯದ ಕಾರಣಕ್ಕಾಗಿ ರಾಯಚೂರಿನಲ್ಲಿಯೋ ಬಳ್ಳಾರಿಯಲ್ಲಿಯೋ ಕಲ್ಲಿದ್ದಲು ಉರಿಯುತ್ತದೆ.

ಗಣಕಯಂತ್ರವು ಪ್ರವೇಶಿಸುವುದು ಇಲ್ಲಿಯೇ. ದಿನವನ್ನು ಹದಿನೈದು ಹದಿನೈದು ನಿಮಿಷಗಳ 96 ಭಾಗಗಳಾಗಿ ಒಡೆದು, ಒಂದೊಂದು ಭಾಗದಲ್ಲಿಯೂ ತಾನು ಎಷ್ಟು ವಿದ್ಯುತ್ತನ್ನು ಕೊಡುವೆನೆಂಬುದನ್ನು ಪ್ರತಿಯೊಂದು ಸ್ಥಾವರವೂ ಮುಂಚಿತವಾಗಿ ಸಾರಬೇಕು. ಸೌರ ಮತ್ತು ಪವನ ಸ್ಥಾವರಗಳೂ ಹೀಗೆ ಮುನ್ಸೂಚನೆ ಕೊಡಬೇಕು, ತಪ್ಪು ನಿಗದಿತ ಮಿತಿಯನ್ನು ಮೀರಿದರೆ ದಂಡ ತೆರಬೇಕು ಎಂಬ ನಿಯಮವನ್ನು ಕರ್ನಾಟಕದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2015ರಲ್ಲಿಯೇ ರೂಪಿಸಿತು. ದಂಡದ ಭಯವು ವಿಜ್ಞಾನವನ್ನು ಬೆಳೆಸಿದ ಉದಾಹರಣೆಗಳಲ್ಲಿ ಇದೂ ಒಂದು. ಉಪಗ್ರಹಗಳು ಕಳುಹಿಸುವ ಮೋಡದ ಚಿತ್ರಗಳು, ಹವಾಮಾನ ಇಲಾಖೆಯ ಅಂಕಿಗಳು, ಸ್ಥಾವರದಲ್ಲಿಯೇ ನೆಟ್ಟ ಮಾಪಕಗಳು, ಹಿಂದಿನ ವರ್ಷಗಳ ದಾಖಲೆ ಇವನ್ನೆಲ್ಲ ಗಣಕಯಂತ್ರವು ಒಟ್ಟಿಗೆ ಕೂಡಿಸಿ, ಮರುದಿನದ ಹಾಗೂ ಮುಂದಿನ ಒಂದೆರಡು ಗಂಟೆಗಳ ಉತ್ಪಾದನೆಯನ್ನು ಅಂದಾಜು ಮಾಡುತ್ತದೆ. ಅಂದಾಜನ್ನು ಹೊತ್ತುಹೊತ್ತಿಗೆ ತಿದ್ದುತ್ತದೆ. ತಮಿಳುನಾಡಿನ ಗಾಳಿಯ ಮುನ್ಸೂಚನೆಗೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು ಕೈಹಾಕಿತು. ಬೆಂಗಳೂರು, ಮುಂಬಯಿ, ದೆಹಲಿಗಳೂ ಸೇರಿದಂತೆ ದೇಶದಲ್ಲಿ ನವೀಕರಿಸಬಲ್ಲ ಶಕ್ತಿಗೆಂದೇ 11 ನಿರ್ವಹಣಾ ಕೇಂದ್ರಗಳು ಹುಟ್ಟಿಕೊಂಡವು. ಮುನ್ಸೂಚನೆ ನಿಖರವಾದಂತೆಲ್ಲ ‘ಇರಲಿ’ ಎಂದು ಉರಿಸಿಡುವ ಕಲ್ಲಿದ್ದಲು ಕಡಿಮೆಯಾಗುತ್ತ ಬರುತ್ತದೆ. ಈ ಉಳಿತಾಯವು ಯಾರ ಕಣ್ಣಿಗೂ ಬೀಳುವುದಿಲ್ಲ. ಚಿಮಣಿಗೆ ಜೋಡಿಸಿದ ಶೋಧಕವನ್ನು ಮಂತ್ರಿಗಳು ಉದ್ಘಾಟಿಸಬಹುದು. ಉರಿಯದೆ ಉಳಿದ ಕಲ್ಲಿದ್ದಲಿಗೆ ರಿಬ್ಬನ್ನು ಕಟ್ಟುವುದೆಲ್ಲಿ?

ಉತ್ಪಾದನೆಯನ್ನು ಬೇಡಿಕೆಗೆ ಹೊಂದಿಸುವುದು ಒಂದು ಮಾರ್ಗ. ಬೇಡಿಕೆಯನ್ನೇ ಉತ್ಪಾದನೆಗೆ ಹೊಂದಿಸುವುದು ಇನ್ನೊಂದು. ಇದು ಗೃಹಸ್ಥರ ಅಂಗಳಕ್ಕೆ ಬರುವ ವಿಷಯ. ಹಳೆಯ ತಿರುಗುಚಕ್ರದ ಮಾಪಕವು ತಿಂಗಳಿಗೆ ಎಷ್ಟು ಯೂನಿಟ್ಟೆಂಬುದನ್ನು ಮಾತ್ರ ಹೇಳುತ್ತಿತ್ತು. ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಹೊಸ ಸ್ಮಾರ್ಟ್ ಮೀಟರು ಹೊತ್ತುಹೊತ್ತಿನ ಲೆಕ್ಕವನ್ನು ಇಟ್ಟು ತಾನೇ ಕಚೇರಿಗೆ ಕಳುಹಿಸುತ್ತದೆ. ಇಂಥ 25 ಕೋಟಿ ಮೀಟರುಗಳನ್ನು ಕೂರಿಸುವ ಗುರಿಯನ್ನು ಕೇಂದ್ರ ಸರ್ಕಾರವು 2021ರ ಯೋಜನೆಯಲ್ಲಿ ಇಟ್ಟುಕೊಂಡಿತು. 2023ರಲ್ಲಿ ತಂದ ನಿಯಮಗಳಂತೆ, ಬಿಸಿಲಿರುವ ಎಂಟು ಗಂಟೆಗಳಲ್ಲಿ ದರವು ಸಾಮಾನ್ಯಕ್ಕಿಂತ ಶೇಕಡಾ 10ರಿಂದ 20ರಷ್ಟು ಕಡಿಮೆಯೂ, ಸಂಜೆಯ ಒತ್ತಡದ ಹೊತ್ತಿನಲ್ಲಿ ಹೆಚ್ಚೂ ಇರಬೇಕು. ರಾಜ್ಯಗಳು ಇದನ್ನು ಜಾರಿಗೆ ತರುತ್ತಿರುವ ರೀತಿ ಒಂದೇ ತೆರನಾಗಿಲ್ಲ. ಮೀಟರು ಬದಲಾದೊಡನೆ ಬಿಲ್ಲು ಏರೀತೆಂಬ ಭೀತಿಯೂ ಜನರಲ್ಲಿದೆ. ಆ ಭೀತಿಯನ್ನು ಹುಚ್ಚೆಂದು ತಳ್ಳಿಹಾಕುವುದು ತಪ್ಪು; ಲೆಕ್ಕವನ್ನು ತಿಳಿಯಾದ ಭಾಷೆಯಲ್ಲಿ, ಪ್ರಾಂತದ ಭಾಷೆಯಲ್ಲಿ, ಬಿಡಿಸಿ ಹೇಳಬೇಕಾದುದು ಮೀಟರು ಕೂರಿಸುವವರ ಹೊಣೆ.

ಮುಂಬಯಿಯ ಯಾವುದೇ ಗೃಹನಿರ್ಮಾಣ ಸಂಘದ ಕಟ್ಟಡವನ್ನು ತೆಗೆದುಕೊಳ್ಳಬಹುದು. ನೆಲದಡಿಯ ತೊಟ್ಟಿಯಿಂದ ಮಾಳಿಗೆಯ ಟಾಂಕಿಗೆ ನೀರೆತ್ತುವ ಪಂಪನ್ನು ಕಾವಲುಗಾರನು ಮುಂಜಾನೆಯೋ ಸಂಜೆಯೋ ಚಾಲೂ ಮಾಡುತ್ತಾನೆ. 10 ಅಶ್ವಶಕ್ತಿಯ ಪಂಪು ಮೂರು ಗಂಟೆ ನಡೆದರೆ 22 ಯೂನಿಟ್ಟು. ನೀರಿನ ಮಟ್ಟವನ್ನು ಅರಿಯುವ ಒಂದು ಮಾಪಕ, ಹೊತ್ತನ್ನು ಅರಿಯುವ ಒಂದು ಪುಟ್ಟ ನಿಯಂತ್ರಕ ಇಷ್ಟಿದ್ದರೆ ಅದೇ ಕೆಲಸ ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ ಮುಗಿದು, ಟಾಂಕಿಯು ತುಂಬಿ ನಿಂತಿರುತ್ತದೆ. ವಿದ್ಯುತ್ತನ್ನು ಕಣಜದಲ್ಲಿಡಲು ಬಾರದಿದ್ದರೂ ಎತ್ತಿದ ನೀರನ್ನು ಇಡಲು ಬರುತ್ತದೆ. ಆದರೆ ಹೀಗೆ ಸರಿಸಿದ ಪ್ರತಿ ಯೂನಿಟ್ಟೂ ಪೂರ್ತಿಯಾಗಿ ಇಂಗಾಲವನ್ನು ಉಳಿಸಿತೆಂದು ಹಿಗ್ಗಬಾರದು. ಮಧ್ಯಾಹ್ನವೂ ಕಲ್ಲಿದ್ದಲ ಸ್ಥಾವರಗಳು ನಡೆಯುತ್ತಲೇ ಇರುತ್ತವೆ. ಸೌರವಿದ್ಯುತ್ತು ಬೇಡಿಕೆಗಿಂತ ಹೆಚ್ಚಾಗಿ, ಅದನ್ನು ಬೇಡವೆಂದು ತಡೆಹಿಡಿಯಬೇಕಾಗಿ ಬರುವ ದಿನಗಳಲ್ಲಿ ಲಾಭ ಪೂರ್ಣ. ರಾಜಸ್ಥಾನದಲ್ಲಿ ಇಂಥ ಪ್ರಸಂಗಗಳು ಈಗಾಗಲೇ ನಡೆದಿವೆ. ಮಿಕ್ಕ ದಿನಗಳಲ್ಲಿ ಲಾಭ ಅಷ್ಟಕ್ಕಷ್ಟೆ.

ಇದಕ್ಕಿಂತ ಖಚಿತವಾದ ಉಳಿತಾಯವು ತಲೆಯ ಮೇಲೆಯೇ ತಿರುಗುತ್ತಿದೆ. ಹಳೆಯ ಬಗೆಯ ಪಂಖಾ ಸುಮಾರು 75 ವಾಟ್ ನುಂಗುತ್ತದೆ. ಒಳಗೆ ಎಲೆಕ್ಟ್ರಾನಿಕ್ ನಿಯಂತ್ರಕವುಳ್ಳ ಬಿಎಲ್‌ಡಿಸಿ ಪಂಖಾಕ್ಕೆ 30 ವಾಟ್ ಸಾಕು. ದಿನಕ್ಕೆ 12 ಗಂಟೆ, ವರ್ಷಕ್ಕೆ 200 ದಿನ ಎಂದು ಹಿಡಿದರೆ ಒಂದು ಪಂಖಾದಿಂದ 108 ಯೂನಿಟ್ಟು, ಎಂದರೆ ಸುಮಾರು 75 ಕಿಲೋ ಇಂಗಾಲದ ಡೈಆಕ್ಸೈಡು ಉಳಿಯಿತು. ಹವಾನಿಯಂತ್ರಕದ ಮಾತೂ ಹೀಗೆಯೇ. ಹಳೆಯ ಯಂತ್ರದ ಸಂಕೋಚಕವು ಪೂರ್ಣ ವೇಗದಲ್ಲಿ ಓಡಿ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಇನ್ವರ್ಟರ್ ಬಗೆಯದು ಕೋಣೆಯ ಉಷ್ಣತೆಯನ್ನು ಕ್ಷಣಕ್ಷಣವೂ ಅಳೆದು, ಬೇಕಾದಷ್ಟೇ ವೇಗದಲ್ಲಿ ನಿರಂತರ ನಡೆಯುತ್ತದೆ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಶೇಕಡಾ 6ರಷ್ಟು ವಿದ್ಯುತ್ತು ಉಳಿಯುವುದೆಂದು ಶಕ್ತಿ ದಕ್ಷತಾ ಸಂಸ್ಥೆಯ ಅಂದಾಜು. 2020ರಿಂದ ಹೊಸ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಮಾರುಕಟ್ಟೆಗೆ ಬರಬೇಕೆಂಬ ನಿಯಮವೂ ಜಾರಿಗೆ ಬಂದಿತು. 18 ಡಿಗ್ರಿಗೆ ಇಳಿಸಿ ರಜಾಯಿ ಹೊದ್ದು ಮಲಗುವ ವಿಲಾಸವು ಬಿಲ್ಲಿಗೂ ಭಾರ, ಬಿಸಿಲಿನಿಂದ ಒಮ್ಮೆಗೇ ಒಳಬರುವ ವೃದ್ಧರ ದೇಹಕ್ಕೂ ಭಾರ. ಆದರೆ ಬೇಸಗೆಯ ರಾತ್ರಿಗಳಲ್ಲಿ ಉಷ್ಣತೆ ಇಳಿಯದೆ ಇರುವಾಗ ಹಿರಿಯರು, ಮಧುಮೇಹಿಗಳು, ಹೃದ್ರೋಗಿಗಳು ಇಂಗಾಲದ ಚಿಂತೆಯಿಂದ ಯಂತ್ರವನ್ನು ಆರಿಸಿ ಬೆವರುತ್ತ ಮಲಗಬೇಕೆಂದು ಯಾರೂ ಹೇಳಲಾರರು. 26 ಡಿಗ್ರಿಗೆ ಇಟ್ಟು ಪಂಖಾವನ್ನು ನಿಧಾನವಾಗಿ ತಿರುಗಿಸಿದರೆ ಹೆಚ್ಚಿನವರಿಗೆ ನೆಮ್ಮದಿಯ ನಿದ್ದೆ ಬರುತ್ತದೆ.

ಕೆಲಸಕ್ಕೆ ಹೋಗುವ ದಾರಿಯಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತಿದೆ. ಹೊಸ ಬಗೆಯ ಲೋಕಲ್ ಮತ್ತು ಮೆಟ್ರೋ ಗಾಡಿಗಳು ನಿಲ್ದಾಣದಲ್ಲಿ ನಿಲ್ಲುವಾಗ ಮೋಟಾರುಗಳೇ ತಿರುವುಮುರುವಾಗಿ ಜನಕಗಳಾಗಿ, ವೇಗವನ್ನು ವಿದ್ಯುತ್ತಾಗಿಸಿ ತಂತಿಗೆ ಮರಳಿಸುತ್ತವೆ. ಅದನ್ನು ಹಿಂದೆ ಬರುವ ಗಾಡಿಯೋ ಎದುರಿನದೋ ಬಳಸಿಕೊಳ್ಳುತ್ತದೆ. ಹಳೆಯ ಗಾಡಿಗಳಲ್ಲಿ ಆ ಶಕ್ತಿಯು ಬ್ರೇಕಿನ ಶಾಖವಾಗಿ ವ್ಯರ್ಥವಾಗುತ್ತಿತ್ತು. ಈ ಕೊಡುಕೊಳೆಯನ್ನು ಸೆಕೆಂಡಿನ ಅತಿ ಸಣ್ಣ ಭಾಗಗಳಲ್ಲಿ ನಡೆಸುವುದು ಸೂಕ್ಷ್ಮ ಗಣಕಗಳು. ಇದರಿಂದಾದ ಉಳಿತಾಯಕ್ಕಾಗಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ 2007ರಲ್ಲಿ ನೋಂದಾಯಿತವಾದ ದೆಹಲಿ ಮೆಟ್ರೋ, ಜಗತ್ತಿನ ರೈಲುಗಳಲ್ಲಿಯೇ ಮೊದಲನೆಯದೆನಿಸಿತು.

ಇಷ್ಟೆಲ್ಲ ಹೊಗಳಿಕೆಯ ನಡುವೆ ಗಣಕಯಂತ್ರದ ಹೊಟ್ಟೆಯ ಹಸಿವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ದತ್ತಾಂಶ ಕೇಂದ್ರಗಳೆಂಬ ಕಿಟಕಿಯಿಲ್ಲದ ಕಟ್ಟಡಗಳು ನವಿ ಮುಂಬಯಿಯಲ್ಲಿಯೂ ಚೆನ್ನೈಯಲ್ಲಿಯೂ ಒಂದರ ಪಕ್ಕದಲ್ಲೊಂದು ಏಳುತ್ತಿವೆ. 2024ರಲ್ಲಿ ಜಗತ್ತಿನ ಇಂಥ ಕೇಂದ್ರಗಳು ಒಟ್ಟು ವಿದ್ಯುತ್ತಿನ ಸುಮಾರು ಶೇಕಡಾ 1.5ರಷ್ಟನ್ನು ಬಳಸಿದವೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಲೆಕ್ಕ ಹಾಕಿತು. ಕೃತಕ ಬುದ್ಧಿಮತ್ತೆಯ ಭರಾಟೆಯಲ್ಲಿ ಅದು ವೇಗವಾಗಿ ಏರುತ್ತಿದೆ. ಅವುಗಳನ್ನು ತಂಪಾಗಿಡಲು ತಗಲುವ ಶಕ್ತಿಯನ್ನು ಗಣಕದ ಲೆಕ್ಕಾಚಾರದಿಂದಲೇ ಶೇಕಡಾ 40ರಷ್ಟು ತಗ್ಗಿಸಿದುದಾಗಿ ಗೂಗಲ್ ಸಂಸ್ಥೆಯು 2016ರಲ್ಲಿ ಹೇಳಿಕೊಂಡಿತು. ಹಾಗಿದ್ದರೂ ಒಟ್ಟು ಬಳಕೆ ಇಳಿಯಲಿಲ್ಲ. ಉಗಿಯಂತ್ರಗಳು ಮಿತವ್ಯಯಿಗಳಾದಂತೆ ಕಲ್ಲಿದ್ದಲಿನ ಖರ್ಚು ಕಡಿಮೆಯಾಗುವ ಬದಲು ಹೆಚ್ಚುತ್ತದೆಂದು ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞನು 1865ರಲ್ಲಿಯೇ ತೋರಿಸಿದ್ದನು. ಅಗ್ಗವಾದುದನ್ನು ಮನುಷ್ಯನು ಹೆಚ್ಚು ಬಳಸುತ್ತಾನೆ. ಪಂಖಾದಲ್ಲಿ ಉಳಿದ ಹಣದಿಂದ ಎರಡನೆಯ ಹವಾನಿಯಂತ್ರಕ ಕೊಂಡರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಲೆಕ್ಕವು ತಲೆಕೆಳಗಾದರೆ ಅದರ ಬೆಲೆಯನ್ನು ತೆರುವವರು ಎಲ್ಲೋ ದೂರದಲ್ಲಿರುತ್ತಾರೆ. ಸಂಜೆಯ ಬೇಡಿಕೆಯನ್ನು ಪೂರೈಸಲು ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಒಂದು ಹೊಸ ಯೋಜನೆಯನ್ನು ಕರ್ನಾಟಕವು ಹಮ್ಮಿಕೊಂಡಿದೆ. ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಅಗ್ಗದ ವಿದ್ಯುತ್ತಿನಿಂದ ಗೇರುಸೊಪ್ಪೆಯ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಂಜೆ ಅದನ್ನೇ ಕೆಳಗೆ ಬಿಟ್ಟು ಚಕ್ರ ತಿರುಗಿಸುವುದು ಅದರ ರೀತಿ. ಮುಂಬಯಿಯ ಮಾಳಿಗೆಯ ಟಾಂಕಿಯ ದೊಡ್ಡಣ್ಣ ಎನ್ನಬಹುದು. ಎಂಜಿನಿಯರಿಂಗಿನ ದೃಷ್ಟಿಯಿಂದ ಸೌರವಿದ್ಯುತ್ತಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ. ಆದರೆ ಎರಡು ಜಲಾಶಯಗಳ ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ, ಪಶ್ಚಿಮ ಘಟ್ಟದ ದಟ್ಟ ಕಾಡು, ಒಮ್ಮೆ ಲಿಂಗನಮಕ್ಕಿಯ ನೀರಿಗೆ ಮನೆಮಠಗಳನ್ನು ಕಳೆದುಕೊಂಡವರ ನೆನಪು. ಮಲೆನಾಡಿನ ಜನರೂ ಪರಿಸರವಾದಿಗಳೂ ಯೋಜನೆಯನ್ನು ವಿರೋಧಿಸಿದ್ದಾರೆ. ಕಾಡನ್ನು ಅಗೆದು ನಿರ್ಮಿಸುವ 2,000 ಮೆಗಾವಾಟಿನಲ್ಲಿ ಎಷ್ಟು ಪಾಲನ್ನು ನಗರಗಳ ಪಂಪುಗಳು, ಪಂಖಾಗಳು, ಹವಾನಿಯಂತ್ರಕಗಳು ತಮ್ಮ ಹೊತ್ತನ್ನು ಬದಲಿಸಿಕೊಂಡು ಉಳಿಸಿಕೊಡಬಲ್ಲವು ಎಂಬ ಲೆಕ್ಕವನ್ನು ಮೊದಲು ಮಾಡಬೇಕಾಗಿತ್ತು. ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಹದಿನೈದು ನಿಮಿಷಕ್ಕೊಮ್ಮೆ ನಿಯಂತ್ರಣ ಕೇಂದ್ರಗಳ ಗಣಕಗಳಿಗೆ ಬಂದು ಬೀಳುತ್ತಲೇ ಇವೆ.